ಸಿಗ್ನಲ್ ಇಂಟೆಗ್ರಿಟಿ ಸಿಮ್ಯುಲೇಶನ್‌ಗೆ ಕಟ್‌ಆಫ್ ಆವರ್ತನ: ಯಾವ ಬೋರ್ಡಿಗೆ ಯಾವ ಲೆಕ್ಕ?

ಪುಣೆಯ ಭೋಸರಿಯಲ್ಲಿರುವ ಒಂದು ಸಣ್ಣ ಕಾರ್ಖಾನೆಗೆ ನಾವು ಮಾಡಿಕೊಟ್ಟಿದ್ದ, ಯಂತ್ರದ ಚಲನೆಯನ್ನು ಎಣಿಸುವ ಎನ್‌ಕೋಡರ್ ಬೋರ್ಡು ಮೂರು ವರ್ಷ ಯಾವ ತಕರಾರೂ ಇಲ್ಲದೆ ಓಡಿತ್ತು. 2021ರ ಚಿಪ್ ಕೊರತೆಯ ಕಾಲದಲ್ಲಿ ತಯಾರಾದ ಕಂತಿನ ಬೋರ್ಡುಗಳು ಮಾತ್ರ ಡಿಸೆಂಬರಿನ ಬೆಳಗಿನ ಪಾಳಿಯಲ್ಲಿ ತಪ್ಪು ಎಣಿಕೆ ಕೊಟ್ಟು, ಬಿಸಿಲೇರಿ ಶೆಡ್ಡು ಬೆಚ್ಚಗಾಗುತ್ತಿದ್ದಂತೆ ತಾವಾಗಿಯೇ ಸರಿಹೋಗುತ್ತಿದ್ದವು. ಕ್ಲಾಕ್ ಬರೀ 8 ಮೆಗಾಹರ್ಟ್ಸ್. ಹುಬ್ಬಳ್ಳಿಯಿಂದ ಬಂದು ಆಗಷ್ಟೇ ನಮ್ಮ ತಂಡ ಸೇರಿದ್ದ ಕಿರಿಯ ಎಂಜಿನಿಯರೊಬ್ಬರು ಆ ಕ್ಲಾಕ್ ಸಾಗುವ ಟ್ರೇಸಿನ, ಅಂದರೆ ಬೋರ್ಡಿನ ತಾಮ್ರದ ಗೆರೆಯ, ಸಿಮ್ಯುಲೇಶನ್ ಮಾಡಿ, "ಸರ, ಕ್ಲಾಕಿನ ಐದು ಪಟ್ಟು, ಅಂದ್ರ ನಲವತ್ತು ಮೆಗಾಹರ್ಟ್ಸ್ ತನಕಾ ನೋಡೇನ್ರಿ, ಎಲ್ಲಾ ಚೊಲೋ ಐತ್ರಿ" ಎಂದು ಚಿತ್ರ ತೋರಿಸಿದರು. ಚಿತ್ರ ನಿಜಕ್ಕೂ ನುಣುಪಾಗಿತ್ತು. ನಮ್ಮ ಮೇಜಿನ ಮೇಲಿದ್ದ 100 ಮೆಗಾಹರ್ಟ್ಸ್ ಆಸಿಲೊಸ್ಕೋಪ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಎರವಲು ತಂದ 1 ಗಿಗಾಹರ್ಟ್ಸ್ ಸ್ಕೋಪಿನಲ್ಲಿ, ಪ್ರೋಬಿನ ಉದ್ದನೆಯ ಗ್ರೌಂಡ್ ವೈರನ್ನು ತೆಗೆದು ತುದಿಗೆ ಸ್ಪ್ರಿಂಗ್ ಹಾಕಿ ನೋಡಿದಾಗ ಕಥೆ ಬೇರೆಯೇ ಇತ್ತು. ಕ್ಲಾಕಿನ ಅಂಚು, ಅಂದರೆ ಅದು ಸೊನ್ನೆಯಿಂದ ಒಂದಕ್ಕೆ ಜಿಗಿಯುವ ಭಾಗ, 1 ನ್ಯಾನೊಸೆಕೆಂಡಿಗಿಂತಲೂ ಚುರುಕಾಗಿ ಏರಿ, ಮೇಲೆ ಹಾರಿ, ಮತ್ತೆ ಕೆಳಗೆ ಬಿದ್ದು, 4 ನ್ಯಾನೊಸೆಕೆಂಡಿಗೂ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಕುಣಿಯುತ್ತಿತ್ತು. ಆ ಕುಣಿತದ ಮೊದಲ ತಗ್ಗು ರಿಸೀವರಿನ ಮಿತಿಯನ್ನು ಮುಟ್ಟಿದಾಗಲೆಲ್ಲ ಅದು ಒಂದು ಕ್ಲಾಕನ್ನು ಎರಡೆಂದು ಎಣಿಸುತ್ತಿತ್ತು. ಕಾರಣ ಹುಡುಕಿದಾಗ, ಕ್ಲಾಕನ್ನು ಬಲಗೊಳಿಸಿ ಮುಂದೆ ಕಳಿಸುವ 74ಎಚ್‌ಸಿ ಸರಣಿಯ ಬಫರ್ ಚಿಪ್ ಸಿಗದೆ, ಪಿನ್ನಿಗೆ ಪಿನ್ನು ಹೊಂದುವ 74ಎಲ್‌ವಿಸಿ ಸರಣಿಯದನ್ನು ಕೂರಿಸಿದ್ದು ತಿಳಿಯಿತು. ಕ್ಲಾಕ್ ಅದೇ, ಟ್ರೇಸ್ ಅದೇ. ಅಂಚು ಮಾತ್ರ ಹಲವು ಪಟ್ಟು ಚುರುಕು. ಸಿಮಾಸ್ ಚಿಪ್ ತಣ್ಣಗಿದ್ದಷ್ಟೂ ಬಲವಾಗಿ ಎಳೆಯುವುದರಿಂದ ಬೆಳಗಿನ ಚಳಿಯಲ್ಲಿ ಮಿತಿ ದಾಟುತ್ತಿತ್ತು, ಮಧ್ಯಾಹ್ನ ಕೂದಲೆಳೆಯಲ್ಲಿ ಪಾರಾಗುತ್ತಿತ್ತು.

ಟ್ರೇಸಿನ ಉದ್ದ 180 ಮಿಲಿಮೀಟರ್. ಬೋರ್ಡಿನ ಮೇಲ್ಪದರದಲ್ಲಿ ಸಿಗ್ನಲ್ ಅಷ್ಟು ದೂರ ಹೋಗಲು ಸುಮಾರು 1.06 ನ್ಯಾನೊಸೆಕೆಂಡ್ ಬೇಕು. ಒಂದು ತುದಿಯಲ್ಲಿ ಕಡಿಮೆ ಇಂಪೀಡೆನ್ಸಿನ (ವಿದ್ಯುತ್ತಿಗೆ ಒಡ್ಡುವ ತಡೆಯ) ಡ್ರೈವರ್, ಇನ್ನೊಂದರಲ್ಲಿ ಬಹುತೇಕ ತೆರೆದಿರುವ ರಿಸೀವರ್ ಇದ್ದಾಗ ಕುಣಿತದ ಅವಧಿ ಈ ವಿಳಂಬದ ನಾಲ್ಕು ಪಟ್ಟು, ಅಂದರೆ ಆವರ್ತನ ಸುಮಾರು 235 ಮೆಗಾಹರ್ಟ್ಸ್. ನಮ್ಮ ಸಿಮ್ಯುಲೇಶನ್ 40 ಮೆಗಾಹರ್ಟ್ಸಿಗೇ ಕಣ್ಣು ಮುಚ್ಚಿಕೊಂಡಿತ್ತು. 100 ಮೆಗಾಹರ್ಟ್ಸ್ ಸ್ಕೋಪ್ ಅದರ ಎತ್ತರವನ್ನು ನೂರಕ್ಕೆ ನಲವತ್ತಕ್ಕಿಳಿಸಿ ತೋರಿಸುತ್ತಿತ್ತು. ಇಬ್ಬರು ಸಾಕ್ಷಿಗಳೂ ಸುಳ್ಳು ಹೇಳಿರಲಿಲ್ಲ, ಇಬ್ಬರ ದೃಷ್ಟಿಯೂ ಮಂದವಾಗಿತ್ತು ಅಷ್ಟೆ.

ಸಿಗ್ನಲ್ ಹಾದಿಯಲ್ಲಿ ಕೆಡದೆ ತಲುಪುತ್ತದೆಯೇ ಎಂದು ನೋಡುವ ಇಂಥ ಸಿಮ್ಯುಲೇಶನ್‌ನಲ್ಲಿ ಕಟ್‌ಆಫ್ ಆವರ್ತನವನ್ನು ಎಷ್ಟಕ್ಕೆ ಇಡಬೇಕು ಎಂಬ ಪ್ರಶ್ನೆಗೆ ನಮ್ಮ ವೃತ್ತಿಯಲ್ಲಿ ನಾಲ್ಕೈದು ಸಿದ್ಧ ಉತ್ತರಗಳು ಓಡಾಡುತ್ತಿವೆ. ಅವುಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ. ಪ್ರತಿಯೊಂದರ ಹಿಂದೆಯೂ ಬಾಯಿಬಿಟ್ಟು ಹೇಳದ ಒಂದು ಊಹೆಯಿದೆ, ಆ ಊಹೆ ನಿಮ್ಮ ಬೋರ್ಡಿಗೆ ಹೊಂದದಿದ್ದರೆ ಉತ್ತರವೂ ಹೊಂದುವುದಿಲ್ಲ. ಇಲ್ಲಿ ಕಟ್‌ಆಫ್ ಎಂದರೆ ಟ್ರೇಸ್, ಕನೆಕ್ಟರ್, ವಯಾ (ಪದರದಿಂದ ಪದರಕ್ಕೆ ಇಳಿಯುವ ತಾಮ್ರದ ರಂಧ್ರ), ಕೇಬಲ್‌ಗಳ ಎಸ್-ಪ್ಯಾರಾಮೀಟರುಗಳನ್ನು, ಅಂದರೆ ಪ್ರತಿ ಆವರ್ತನದಲ್ಲಿ ಎಷ್ಟು ಸಿಗ್ನಲ್ ದಾಟುತ್ತದೆ, ಎಷ್ಟು ಮರಳುತ್ತದೆ ಎಂಬ ಅಂಕಿಗಳನ್ನು, ವಿದ್ಯುತ್ಕಾಂತ ಕ್ಷೇತ್ರವನ್ನು ಲೆಕ್ಕ ಹಾಕುವ ಫೀಲ್ಡ್ ಸಾಲ್ವರ್ ಸಾಫ್ಟ್‌ವೇರಿನಿಂದ ತೆಗೆಯುವಾಗ ನಾವು ಕೊಡುವ ಮೇಲಿನ ಮಿತಿ. ಅದರಾಚೆಗೆ ಸಿಗ್ನಲ್ ಇಲ್ಲವೆಂದು ಇದರ ಅರ್ಥವಲ್ಲ. ಅದರಾಚೆ ಏನಿದ್ದರೂ ನನ್ನ ಪ್ರಶ್ನೆಗೆ ಬೇಕಾಗಿಲ್ಲವೆಂದು ನಾವು ಮಾಡಿಕೊಳ್ಳುವ ತೀರ್ಮಾನ ಅದು.

ಕ್ಲಾಕಿನ ಐದು ಪಟ್ಟು

ಎಲ್ಲರ ಬಾಯಲ್ಲೂ ಇರುವ ಸೂತ್ರ ಇದೇ. ಚೌಕ ಅಲೆಯಲ್ಲಿ ಬೆಸ ಹಾರ್ಮೋನಿಕ್‌ಗಳು (ಮೂಲ ಆವರ್ತನದ ಬೆಸಸಂಖ್ಯೆಯ ಪಟ್ಟುಗಳು) ಮಾತ್ರ ಇರುತ್ತವೆ, ಒಂದು, ಮೂರು, ಐದನ್ನು ಕೂಡಿಸಿದರೆ ಅಲೆ ಚೌಕದಂತೆ ಕಾಣುತ್ತದೆ ಎಂದು ಕಾಲೇಜಿನಲ್ಲಿ ಚಿತ್ರ ಬಿಡಿಸಿ ತೋರಿಸಿದ್ದು ನೆನಪಿನಲ್ಲಿ ಉಳಿದುಬಿಡುತ್ತದೆ. ಆದರೆ ಐದು ಎಂಬ ಅಂಕಿ ಬರುವ ಲೆಕ್ಕ ಬೇರೆ. ರೈಸ್ ಟೈಮ್, ಅಂದರೆ ಅಂಚು ಏರಲು ಹಿಡಿಯುವ ಕಾಲ, ಕ್ಲಾಕ್ ಅವಧಿಯ ಶೇಕಡಾ 7ರಷ್ಟಿದೆ ಎಂದು ಊಹಿಸಿ, 0.35 ಅನ್ನು (ಅದು ಎಲ್ಲಿಂದ ಬಂತೆಂದು ಮುಂದೆ ಹೇಳುತ್ತೇನೆ) 0.07ರಿಂದ ಭಾಗಿಸಿದರೆ 5 ಬರುತ್ತದೆ. ಹೀಗಾಗಿ ಅದು ಕ್ಲಾಕಿನ ಸೂತ್ರದ ವೇಷ ತೊಟ್ಟ ರೈಸ್ ಟೈಮ್ ಸೂತ್ರವೇ.

ಎಲ್ಲಿ ಅಂಚು ನಿಜವಾಗಿಯೂ ಅವಧಿಯ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿದೆಯೋ ಅಲ್ಲಿ ಈ ಸೂತ್ರ ಚೆನ್ನಾಗಿ ನಡೆಯುತ್ತದೆ. ಮೆಮೊರಿ ಬಸ್ಸುಗಳಲ್ಲಿ, ಆಯಾ ಕಾಲದ ತಂತ್ರಜ್ಞಾನ ಕೊಡಬಲ್ಲಷ್ಟು ವೇಗಕ್ಕೆ ಎಳೆದಿರುವ ಇಂಟರ್‌ಫೇಸುಗಳಲ್ಲಿ ಡ್ರೈವರಿನ ಅಂಚನ್ನು ಬೇಕಾದಕ್ಕಿಂತ ಚುರುಕುಗೊಳಿಸಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ಐದು ಪಟ್ಟು ಸಾಕು, ಕೆಲವೊಮ್ಮೆ ಮೂರು ಪಟ್ಟೂ ಸಾಕು. ನಿಧಾನ ಕ್ಲಾಕು, ಹೊಸ ಚಿಪ್ಪು ಇರುವಲ್ಲಿ ಸೂತ್ರ ಕುಸಿಯುತ್ತದೆ. 8 ಮೆಗಾಹರ್ಟ್ಸಿನ ಅವಧಿ 125 ನ್ಯಾನೊಸೆಕೆಂಡ್, ಅದರ ಶೇಕಡಾ 7 ಎಂದರೆ ಸುಮಾರು 9 ನ್ಯಾನೊಸೆಕೆಂಡ್. ಹಳೆಯ 74ಎಚ್‌ಸಿ ಬಫರಿಗೆ ಆ ಊಹೆ ತೀರಾ ದೂರವಿರಲಿಲ್ಲ, ಹೊಸದಕ್ಕೆ ಸಂಬಂಧವೇ ಇರಲಿಲ್ಲ. ಪಿಂಪ್ರಿ-ಚಿಂಚವಡ, ಚಾಕಣ ಕಡೆಯ ವಾಹನ ಮತ್ತು ಯಂತ್ರೋಪಕರಣಗಳ ಬೋರ್ಡುಗಳಲ್ಲಿ ಬಹುಪಾಲು ಸಂಜ್ಞೆಗಳು ಈ ಎರಡನೆಯ ಜಾತಿಯವು ಎಂಬ ಕಾರಣಕ್ಕೆ, ಇಲ್ಲಿ ಕೆಲಸ ಮಾಡುವವರು ಕ್ಲಾಕಿನ ಐದು ಪಟ್ಟನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ರೈಸ್ ಟೈಮಿನಿಂದ ಬರುವ ಲೆಕ್ಕಗಳು

ಇಲ್ಲಿ ಮೂರು ಅಂಕಿಗಳು ಪರಸ್ಪರ ಪೈಪೋಟಿಯಲ್ಲಿವೆ: 0.32, 0.35 ಮತ್ತು 0.5. ಯಾವುದಾದರೊಂದನ್ನು ರೈಸ್ ಟೈಮಿನಿಂದ ಭಾಗಿಸಿದರೆ ಆವರ್ತನ ಸಿಗುತ್ತದೆ. 0.35 ಬರುವುದು ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇರುವ ಸರಳ ಸರ್ಕ್ಯೂಟಿನಿಂದ. ಅದರಲ್ಲಿ ಸಿಗ್ನಲ್ ಶೇಕಡಾ 10ರಿಂದ 90ಕ್ಕೆ ಏರುವ ಕಾಲವನ್ನು 3 ಡೆಸಿಬೆಲ್ ಬ್ಯಾಂಡ್‌ವಿಡ್ತಿನಿಂದ ಗುಣಿಸಿದರೆ 0.35 ಬರುತ್ತದೆ. 0.32 ಎಂಬುದು ಒಂದನ್ನು ಪೈಯಿಂದ ಭಾಗಿಸಿದ್ದು. ಇಳಿಜಾರು ಅಂಚುಗಳ ಚೌಕ ಅಲೆಯ ಸ್ಪೆಕ್ಟ್ರಮಿನಲ್ಲಿ, ದಶಕಕ್ಕೆ 20 ಡೆಸಿಬೆಲ್ ಇಳಿಯುತ್ತಿದ್ದ ರೇಖೆ 40ಕ್ಕೆ ಬಾಗುವ ಮೂಲೆ ಅದು. 0.5 ಇವೆರಡಕ್ಕಿಂತ ಉದಾರ. ಆ ಆವರ್ತನವನ್ನು ನೀ ಫ್ರೀಕ್ವೆನ್ಸಿ, ಅಂದರೆ ಮೊಣಕಾಲಿನ ಆವರ್ತನ ಎನ್ನುತ್ತಾರೆ. ಅದರಾಚೆಗೆ ಇರುವ ಶಕ್ತಿ ಡಿಜಿಟಲ್ ರಿಸೀವರಿನ ನಡತೆಯನ್ನು ಬದಲಿಸುವಷ್ಟಿಲ್ಲ ಎಂಬುದು ಅದರ ಹಿಂದಿನ ವಾದ.

1 ನ್ಯಾನೊಸೆಕೆಂಡ್ ಅಂಚಿಗೆ ಇವು ಕೊಡುವ ಉತ್ತರಗಳು ಕ್ರಮವಾಗಿ 318, 350, 500 ಮೆಗಾಹರ್ಟ್ಸ್. ಇವುಗಳಲ್ಲಿ ಯಾವುದು ಸರಿಯೆಂದು ಗಂಟೆಗಟ್ಟಲೆ ಚರ್ಚಿಸುವವರನ್ನು ನೋಡಿದ್ದೇನೆ. ಆ ಚರ್ಚೆ ನನಗೆ ವ್ಯರ್ಥವೆನಿಸುತ್ತದೆ, ಏಕೆಂದರೆ ಮೂರರಲ್ಲಿ ಯಾವುದನ್ನು ಆರಿಸಿದರೂ ಭಾಜಕದಲ್ಲಿ ಕೂತಿರುವ ರೈಸ್ ಟೈಮೇ ಎರಡು ಪಟ್ಟು ತಪ್ಪಾಗಿರುವ ಸಾಧ್ಯತೆ ಸದಾ ಇದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಅಲ್ಲಿ.

ಡೇಟಾಶೀಟಿನಲ್ಲಿ "ರೈಸ್ ಟೈಮ್ ಗರಿಷ್ಠ 5 ನ್ಯಾನೊಸೆಕೆಂಡ್, 50 ಪಿಕೊಫ್ಯಾರಡ್ ಲೋಡಿನೊಂದಿಗೆ" ಎಂದು ಬರೆದಿದ್ದರೆ, ಅದು ಚಿಪ್ ಇದಕ್ಕಿಂತ ನಿಧಾನವಾಗಿರುವುದಿಲ್ಲ ಎಂಬ ಭರವಸೆ. ಎಷ್ಟು ಚುರುಕಾಗಬಹುದು ಎಂಬುದನ್ನು ಅದು ಹೇಳುವುದೇ ಇಲ್ಲ. ನಿಮ್ಮ ಬೋರ್ಡಿನಲ್ಲಿ ಲೋಡು 10 ಪಿಕೊಫ್ಯಾರಡ್ ಇದ್ದು, ಚಿಪ್ ಇತ್ತೀಚಿನ ಕಿರಿದಾದ ಪ್ರಕ್ರಿಯೆಯಲ್ಲಿ ಮಾಡಿದ್ದಾಗಿದ್ದರೆ ನಿಜವಾದ ಅಂಚು 1 ನ್ಯಾನೊಸೆಕೆಂಡ್ ಇರಬಹುದು. 5 ಅನ್ನು ನಂಬಿ ಲೆಕ್ಕ ಹಾಕಿದವರು ಐದು ಪಟ್ಟು ಕಡಿಮೆ ಕಟ್‌ಆಫ್ ಇಟ್ಟಂತಾಯಿತು. ಈ ತಪ್ಪು ಅಪಾಯದ ಕಡೆಗಿನದು.

ಚಿಪ್ಪಿನ ಪಿನ್ನುಗಳ ನಡತೆಯನ್ನು ತಯಾರಕರು ಬರೆದುಕೊಡುವ ಐಬಿಸ್ ಮಾದರಿ ಇದ್ದರೆ ಅದನ್ನೇ ತೆರೆದು ನೋಡುವುದು ಒಳ್ಳೆಯದು. ಅದರ ರ‍್ಯಾಂಪ್ ಎಂಬ ಭಾಗದಲ್ಲಿ ವೋಲ್ಟೇಜಿನ ಏರಿಕೆ ಮತ್ತು ಅದಕ್ಕೆ ಹಿಡಿದ ಕಾಲ ಭಿನ್ನರಾಶಿಯ ರೂಪದಲ್ಲಿ ಇರುತ್ತವೆ. ಆ ಕಾಲ ಶೇಕಡಾ 20ರಿಂದ 80ರವರೆಗಿನದು, 10ರಿಂದ 90ರವರೆಗಿನದಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಅಲ್ಲಿ 0.6 ನ್ಯಾನೊಸೆಕೆಂಡ್ ಎಂದಿದ್ದರೆ, ಅಂಚು ನೇರ ಗೆರೆಯಂತಿದೆ ಎಂದಿಟ್ಟುಕೊಂಡಾಗ 10–90 ಕಾಲ 0.8 ನ್ಯಾನೊಸೆಕೆಂಡ್, ಅಂಚು ಗೌಸಿಯನ್ ಆಕಾರದ್ದಾದರೆ 0.9ರ ಹತ್ತಿರ. ಸರಳ ಸರ್ಕ್ಯೂಟಿನ ಲೆಕ್ಕದಲ್ಲಿ 20–80 ಕಾಲಕ್ಕೆ ಹೊಂದುವ ಅಂಕಿ 0.35 ಅಲ್ಲ, 0.22. ಇಲ್ಲಿ ತಪ್ಪಿದರೆ ಕಟ್‌ಆಫ್ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ, ಅಂದರೆ ತಪ್ಪು ಸುರಕ್ಷಿತ ಕಡೆಗೇ ಬೀಳುತ್ತದೆ. ಕಂಪ್ಯೂಟರಿನ ಹೊತ್ತು ದಂಡವಾಗುತ್ತದೆ, ಬೋರ್ಡು ಕೆಡುವುದಿಲ್ಲ. ಅದೇ ಮಾದರಿಯಲ್ಲಿ ಸಾಮಾನ್ಯ, ಕನಿಷ್ಠ, ಗರಿಷ್ಠ ಎಂಬ ಮೂರು ಕಂಬಸಾಲುಗಳು ಇರುತ್ತವೆ. ಕಟ್‌ಆಫ್ ನಿರ್ಧರಿಸಲು ಅವುಗಳಲ್ಲಿ ಅತಿ ಚುರುಕಾದುದನ್ನೇ ತೆಗೆದುಕೊಳ್ಳಬೇಕು. ಡಿಸೆಂಬರಿನ ಆ ಬೆಳಗುಗಳನ್ನು ಕಂಡ ಮೇಲೆ ನಾನು ಸಾಮಾನ್ಯ ಕಂಬಸಾಲನ್ನು ಈ ಕೆಲಸಕ್ಕೆ ಮುಟ್ಟಿಲ್ಲ.

ಹಾಗಾದರೆ 0.35ಓ 0.5ಓ? ರಿಸೀವರಿನಲ್ಲಿ ಸಿಗ್ನಲ್ ಮಿತಿ ದಾಟುವ ಹೊತ್ತು, ಓವರ್‌ಶೂಟ್ (ಮಟ್ಟ ಮೀರಿ ಹಾರುವುದು), ರಿಂಗಿಂಗ್ (ಆಮೇಲಿನ ಕುಣಿತ) ಇವಿಷ್ಟೇ ಬೇಕಿದ್ದರೆ, ರೈಸ್ ಟೈಮ್ ನಂಬಿಕೆಯದ್ದಾಗಿದ್ದರೆ 0.35 ಸಾಕು. ರೈಸ್ ಟೈಮ್ ಡೇಟಾಶೀಟಿನ ಊಹೆಯಾಗಿದ್ದರೆ, ಅಥವಾ ಪಕ್ಕದ ಟ್ರೇಸಿಗೆ ಜಿಗಿಯುವ ಕ್ರಾಸ್‌ಟಾಕ್ ಮುಖ್ಯವಾಗಿದ್ದರೆ 0.5. ಕ್ರಾಸ್‌ಟಾಕ್ ಅಂಚಿನ ಚುರುಕಿನಿಂದಲೇ ಹುಟ್ಟುವುದರಿಂದ ಮೇಲಿನ ಆವರ್ತನಗಳನ್ನು ಕತ್ತರಿಸಿದಷ್ಟೂ ಅದು ಸಿಮ್ಯುಲೇಶನ್‌ನಲ್ಲಿ ಸಣ್ಣದಾಗಿ ಕಾಣುತ್ತದೆ. ಕಡಿಮೆ ವೇಗದ ಬೋರ್ಡುಗಳಲ್ಲಿ ಈ ವ್ಯತ್ಯಾಸಕ್ಕೆ ಕಂಪ್ಯೂಟರಿನ ಕೆಲವು ನಿಮಿಷಗಳಷ್ಟೇ ಬೆಲೆ, ಆದ್ದರಿಂದ ಅಲ್ಲಿ ಜಿಪುಣತನಕ್ಕೆ ಅರ್ಥವಿಲ್ಲ.

ಬಿಟ್ ವೇಗದಿಂದ: ನೈಕ್ವಿಸ್ಟಿನ ಎಷ್ಟು ಪಟ್ಟು?

ಬಿಟ್ಟುಗಳನ್ನು ಒಂದರ ಹಿಂದೊಂದು ಕಳಿಸುವ ಸೀರಿಯಲ್ ಲಿಂಕುಗಳ ಜಗತ್ತು ಬೇರೆ. ಅಲ್ಲಿ ಟ್ರಾನ್ಸ್‌ಮಿಟರಿನ ಅಂಚು ಎಷ್ಟೇ ಚುರುಕಾಗಿದ್ದರೂ ಬೋರ್ಡಿನ ಉದ್ದಕ್ಕೂ ಸವೆದು ರಿಸೀವರಿನ ಹೊತ್ತಿಗೆ ಮೊಂಡಾಗಿರುತ್ತದೆ. ಸಾಮಾನ್ಯ ಎರಡು ಮಟ್ಟದ ಸಂಜ್ಞೆಯಲ್ಲಿ ನೈಕ್ವಿಸ್ಟ್ ಆವರ್ತನ ಬಿಟ್ ವೇಗದ ಅರ್ಧ. ಕಂಪ್ಯೂಟರಿನೊಳಗಿನ ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ 4.0ರಲ್ಲಿ ಸೆಕೆಂಡಿಗೆ 16 ಗಿಗಾ ವರ್ಗಾವಣೆಗಳಿಗೆ 8 ಗಿಗಾಹರ್ಟ್ಸ್, 5.0ರಲ್ಲಿ 32ಕ್ಕೆ 16 ಗಿಗಾಹರ್ಟ್ಸ್. 6.0ರಲ್ಲಿ ವೇಗ 64ಕ್ಕೆ ಏರಿದರೂ ನೈಕ್ವಿಸ್ಟ್ 16ರಲ್ಲೇ ಉಳಿಯುತ್ತದೆ, ಏಕೆಂದರೆ ಅಲ್ಲಿ ನಾಲ್ಕು ಮಟ್ಟಗಳ ಪ್ಯಾಮ್-4 ಬಂದು ಒಂದು ಸಂಕೇತಕ್ಕೆ ಎರಡು ಬಿಟ್ ಸಾಗುತ್ತವೆ. ಬಿಟ್ ವೇಗವನ್ನೇ ಎರಡರಿಂದ ಭಾಗಿಸಿ 32 ಗಿಗಾಹರ್ಟ್ಸ್ ಎಂದು ಬರೆದುಕೊಂಡು, ಅದರ ಮೂರು ಪಟ್ಟಿನವರೆಗೆ ಫೀಲ್ಡ್ ಸಾಲ್ವರನ್ನು ಓಡಿಸಿ, ವಾರಾಂತ್ಯವಿಡೀ ಸರ್ವರನ್ನು ಕಟ್ಟಿಹಾಕಿದ ಉದಾಹರಣೆ ನಮ್ಮಲ್ಲೇ ಇದೆ.

ಎರಡು ಮಟ್ಟದ ಯಾದೃಚ್ಛಿಕ ಬಿಟ್ಟುಗಳ ಶಕ್ತಿಯಲ್ಲಿ ಸುಮಾರು ಶೇಕಡಾ 90, ಸೊನ್ನೆಯಿಂದ ಬಿಟ್ ವೇಗಕ್ಕೆ ಸಮನಾದ ಆವರ್ತನದೊಳಗೇ ಇರುತ್ತದೆ. ನೈಕ್ವಿಸ್ಟಿನ ಎರಡು ಪಟ್ಟು ಸಾಕು ಎನ್ನುವವರು ಈ ಲೆಕ್ಕವನ್ನು ಹಿಡಿದು ಮಾತಾಡುತ್ತಾರೆ. ಐದನೆಯ ಹಾರ್ಮೋನಿಕ್ ಬೇಕೇಬೇಕು ಎನ್ನುವವರು ನೈಕ್ವಿಸ್ಟಿನ ಐದು ಪಟ್ಟು ಕೇಳುತ್ತಾರೆ, ಪಿಸಿಐ ಎಕ್ಸ್‌ಪ್ರೆಸ್ 4.0ಕ್ಕೆ ಅದು 40 ಗಿಗಾಹರ್ಟ್ಸ್ ಆಗುತ್ತದೆ. ಇವರಿಬ್ಬರ ನಡುವೆ ತೀರ್ಪು ಕೊಡುವುದು ಚಾನೆಲ್ಲಿನ ನಷ್ಟ.

ಬೋರ್ಡು ಮಾಡುವ ಸಾಧಾರಣ ಎಫ್‌ಆರ್-4 ವಸ್ತುವಿನಲ್ಲಿ ನಷ್ಟದ ಅಳತೆಯಾದ ಲಾಸ್ ಟ್ಯಾಂಜೆಂಟ್ 0.02, ಡೈಎಲೆಕ್ಟ್ರಿಕ್ ಸ್ಥಿರಾಂಕ 4.2 ಎಂದಿಟ್ಟುಕೊಂಡರೆ ಡೈಎಲೆಕ್ಟ್ರಿಕ್ ನಷ್ಟವೊಂದೇ ಪ್ರತಿ ಇಂಚಿಗೆ, ಪ್ರತಿ ಗಿಗಾಹರ್ಟ್ಸಿಗೆ ಸುಮಾರು 0.09 ಡೆಸಿಬೆಲ್. ಹತ್ತು ಇಂಚಿನ ಟ್ರೇಸಿನಲ್ಲಿ 8 ಗಿಗಾಹರ್ಟ್ಸಿಗೆ ಇದು 7.5 ಡೆಸಿಬೆಲ್, 24ಕ್ಕೆ 22ಕ್ಕೂ ಹೆಚ್ಚು, 40ಕ್ಕೆ 37ರ ಮೇಲೆ. ತಾಮ್ರದ ನಷ್ಟ ಇದರ ಮೇಲೆ ಬೇರೆ. ಟ್ರಾನ್ಸ್‌ಮಿಟರಿನಲ್ಲೇ ಕ್ಷೀಣವಾಗಿದ್ದ ಐದನೆಯ ಹಾರ್ಮೋನಿಕ್ ಈ ಹಾದಿ ಸವೆಸಿ ರಿಸೀವರಿಗೆ ಬರುವಾಗ ನಾಯ್ಸಿನಲ್ಲಿ ಕರಗಿಹೋಗಿರುತ್ತದೆ. ಹೀಗೆ ಉದ್ದನೆಯ, ನಷ್ಟದ ಚಾನೆಲ್ಲಿಗೆ ನೈಕ್ವಿಸ್ಟಿನ ಮೂರು ಪಟ್ಟು ಸಾಕು, ಅದಕ್ಕಿಂತ ಮೇಲಿನದು ಶ್ರಮದ ಪೋಲು. ಒಂದೆರಡು ಇಂಚಿನ, ಚಿಪ್ಪಿನಿಂದ ಚಿಪ್ಪಿಗೆ ಹೋಗುವ ಲಿಂಕಿನಲ್ಲಿ ಮಾತ್ರ ಮೇಲಿನ ಹಾರ್ಮೋನಿಕ್‌ಗಳು ಜೀವಂತವಾಗಿ ತಲುಪಿ, ಪ್ರತಿಫಲನಗೊಂಡು ಹಿಂದೆಮುಂದೆ ಓಡಾಡುತ್ತವೆ, ಅಲ್ಲಿ ಐದು ಪಟ್ಟು ಬೇಕು. ಉದ್ದದ ಲಿಂಕು ಕಷ್ಟ, ಗಿಡ್ಡದ್ದು ಸುಲಭ ಎಂಬ ಭಾವನೆಯಲ್ಲಿ ಗಿಡ್ಡದ್ದಕ್ಕೆ ಕಡಿಮೆ ಕಟ್‌ಆಫ್ ಇಡುವವರು ಲೆಕ್ಕವನ್ನು ತಲೆಕೆಳಗು ಮಾಡಿರುತ್ತಾರೆ.

ವಯಾ ಸ್ಟಬ್ ಇನ್ನೊಂದು ಕಾರಣ. ಮೇಲಿನ ಪದರದಿಂದ ನಡುವಿನ ಪದರಕ್ಕಿಳಿದ ಸಿಗ್ನಲ್ಲಿನ ಕೆಳಗೆ, ಬಳಕೆಯಿಲ್ಲದೆ ನೇತಾಡುವ ವಯಾದ ಬಾಲ ಕಾಲು ತರಂಗದೂರಕ್ಕೆ ಸಮನಾದಾಗ ಆ ಆವರ್ತನವನ್ನು ನುಂಗಿಬಿಡುತ್ತದೆ. ಬಾಲ 2.5 ಮಿಲಿಮೀಟರ್ ಇದ್ದು ಡೈಎಲೆಕ್ಟ್ರಿಕ್ ಸ್ಥಿರಾಂಕ 4 ಆಗಿದ್ದರೆ ಆ ಆವರ್ತನ 15 ಗಿಗಾಹರ್ಟ್ಸ್. ಪ್ಯಾಡುಗಳ ಕೆಪಾಸಿಟೆನ್ಸ್ ಸೇರಿದಾಗ ವಾಸ್ತವದಲ್ಲಿ ಅದಕ್ಕಿಂತಲೂ ಕೆಳಗೆ. 8 ಗಿಗಾಹರ್ಟ್ಸ್ ನೈಕ್ವಿಸ್ಟಿನ ಲಿಂಕಿಗೆ 12ರವರೆಗೆ ನೋಡಿದವರಿಗೆ ಕೊನೆಯಲ್ಲೊಂದು ಇಳಿಜಾರು ಕಾಣುತ್ತದೆ, ಹಳ್ಳದ ತಳ ಕಾಣುವುದಿಲ್ಲ. ಸಿಮ್ಯುಲೇಟರು ಆ ಇಳಿಜಾರನ್ನು ತನಗೆ ತೋಚಿದಂತೆ ಮುಂದುವರಿಸಿಕೊಂಡು ಹೋಗುತ್ತದೆ. ಆದ್ದರಿಂದ ಸ್ಟಬ್ಬಿನ ಉದ್ದ ಅಳೆದು, ಆ ಹಳ್ಳವೂ ಅದರ ಆಚೆ ದಡವೂ ಒಳಗೆ ಬರುವಂತೆ ಕಟ್‌ಆಫ್ ಇಡಬೇಕು. ಇದು ಯಾವ ಪಟ್ಟಿನ ಸೂತ್ರವೂ ಹೇಳಿಕೊಡದ ಮಾತು.

ವಾಹನದ ವೈರಿಂಗಿನಲ್ಲಿ

ನಮ್ಮೂರಿನ ಕೆಲಸದಲ್ಲಿ ಹೆಚ್ಚು ಬರುವುದು ಪಿಸಿಐ ಎಕ್ಸ್‌ಪ್ರೆಸ್ ಅಲ್ಲ, ವಾಹನದ ಈಥರ್‌ನೆಟ್ ಮತ್ತು ವಾಹನದ ಘಟಕಗಳು ಮಾತಾಡಿಕೊಳ್ಳುವ ಕ್ಯಾನ್ ಜಾಲ. ವಾಹನದ ಈಥರ್‌ನೆಟ್ಟಿನ ಒಂದು ಬಗೆಯಾದ 1000ಬೇಸ್-ಟಿ1 ಒಂದೇ ಜೋಡಿ ತಂತಿಯಲ್ಲಿ, ಮೂರು ಮಟ್ಟದ ಸಂಜ್ಞೆಯಲ್ಲಿ, ಸೆಕೆಂಡಿಗೆ 750 ದಶಲಕ್ಷ ಸಂಕೇತಗಳನ್ನು ಸಾಗಿಸುತ್ತದೆ; ಅದರ ನೈಕ್ವಿಸ್ಟ್ 375 ಮೆಗಾಹರ್ಟ್ಸ್. ಮಾನಕ ಚಾನೆಲ್ಲಿನ ಮಿತಿಗಳನ್ನು 600 ಮೆಗಾಹರ್ಟ್ಸ್‌ವರೆಗೆ ಹೇಳಿದೆ. ಹಾರ್ನೆಸ್ (ವಾಹನದ ತಂತಿಗಳ ಕಟ್ಟು) ಮಾನಕಕ್ಕೆ ಹೊಂದುತ್ತದೆಯೇ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ 600ಕ್ಕೆ ನಿಲ್ಲಿಸಬಹುದು. ಅದೇ ಹಾರ್ನೆಸಿನ ಮಾದರಿಯನ್ನು ಟ್ರಾನ್ಸೀವರಿನೊಂದಿಗೆ ಜೋಡಿಸಿ ಅಲೆಯ ಆಕಾರ ನೋಡಬೇಕಿದ್ದರೆ 1 ಗಿಗಾಹರ್ಟ್ಸ್ ದಾಟಿ ಹೋಗುವುದು ಕ್ಷೇಮ.

ಕ್ಯಾನ್‌ನ ವೇಗದ ರೂಪವಾದ ಕ್ಯಾನ್ ಎಫ್‌ಡಿಯಲ್ಲಿ ಡೇಟಾ ಭಾಗ ಸೆಕೆಂಡಿಗೆ 2 ಅಥವಾ 5 ಮೆಗಾಬಿಟ್. ಅಂಚು 20 ನ್ಯಾನೊಸೆಕೆಂಡ್ ಇದ್ದರೆ 0.35ರ ಲೆಕ್ಕ 17.5 ಮೆಗಾಹರ್ಟ್ಸ್ ಕೊಡುತ್ತದೆ. ತಂತಿಯಲ್ಲಿ ಸಿಗ್ನಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತೆಗೆದುಕೊಳ್ಳುವುದರಿಂದ, ಎರಡು ಮೀಟರಿನ ಕವಲೊಂದರಲ್ಲಿ ಹೋಗಿಬರುವ ಕಾಲ ಅಂಚಿನಷ್ಟೇ ಆಗುತ್ತದೆ. ಇಲ್ಲಿ 50 ಮೆಗಾಹರ್ಟ್ಸ್‌ವರೆಗೆ ನೋಡಿದರೆ ಸಿಗ್ನಲ್ಲಿನ ಮಟ್ಟಿಗೆ ಎಲ್ಲವೂ ಸಿಗುತ್ತದೆ.

ವಿಕಿರಣದ, ಅಂದರೆ ಬೋರ್ಡು ಹೊರಸೂಸುವ ರೇಡಿಯೊ ಅಲೆಗಳ, ಪ್ರಶ್ನೆ ಬಂದ ಕೂಡಲೇ ಈ ಎಲ್ಲ ಲೆಕ್ಕವೂ ಬದಿಗೆ ಸರಿಯುತ್ತದೆ. ಮೂಲೆಯ ಆವರ್ತನದಿಂದ ಹತ್ತು ಪಟ್ಟು ಮೇಲೆ ಹೋದಾಗ ಅಂಚಿನ ಸ್ಪೆಕ್ಟ್ರಮ್ 40 ಡೆಸಿಬೆಲ್ ಇಳಿದಿರುತ್ತದೆ, ರಿಸೀವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಪರೀಕ್ಷಾ ಕೊಠಡಿಯ ಆಂಟೆನಾ ಅಳೆಯುವುದು ಮೈಕ್ರೊವೋಲ್ಟುಗಳಲ್ಲಿ, ಅದಕ್ಕೆ ಅದೂ ದೊಡ್ಡದೇ. ವಾಹನದ ಉಪಕರಣಗಳ ಇಂಥ ಹೊರಸೂಸುವಿಕೆಯ ಮಾನಕವಾದ ಸಿಐಎಸ್‌ಪಿಆರ್ 25ರ 2021ರ ಆವೃತ್ತಿ 5925 ಮೆಗಾಹರ್ಟ್ಸ್‌ವರೆಗೆ ನೋಡುತ್ತದೆ. ಹೀಗಾಗಿ ಕೋಥ್ರೂಡಿನ ಗುಡ್ಡದ ಮೇಲಿನ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐಗೆ ಬೋರ್ಡನ್ನು ಹೊತ್ತೊಯ್ಯುವ ಮುನ್ನ ವಿಕಿರಣದ ಅಂದಾಜು ಬೇಕಿದ್ದವರು ಕ್ಲಾಕನ್ನೂ ಅಂಚನ್ನೂ ಬಿಟ್ಟು, ತಮ್ಮ ಉಪಕರಣಕ್ಕೆ ಅನ್ವಯಿಸುವ ಮಿತಿಪಟ್ಟಿಯ ಕೊನೆಯ ಸಾಲನ್ನೇ ಕಟ್‌ಆಫ್ ಆಗಿ ಹಿಡಿಯಬೇಕು. ನಾರಾಯಣಗಾಂವ್ ಬಳಿಯ ಖೋಡದದಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳನ್ನು ಹರಡಿಕೊಂಡು ಆಕಾಶಕ್ಕೆ ಕಿವಿಗೊಟ್ಟು ಕೂತಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಆಸುಪಾಸಿನಲ್ಲಿ ಒಂದು ಡಿಜಿಟಲ್ ಬೋರ್ಡನ್ನು ಇಡುವುದಾದರೂ ಇದೇ ಮಾತು: ಅಲ್ಲಿ ಆವರ್ತನವನ್ನು ನಿಶ್ಚಯಿಸುವುದು ಕೇಳುವವನ ಕಿವಿ, ಕೂಗುವವನ ಗಂಟಲಲ್ಲ.

ಹೆಚ್ಚಾದರೆ ಏನು ಹೋಯಿತು?

"ಅನುಮಾನ ಇದ್ದರೆ 50 ಗಿಗಾಹರ್ಟ್ಸ್ ಹಾಕಿಬಿಡಿ" ಎಂಬ ಸಲಹೆಯೂ ಚಲಾವಣೆಯಲ್ಲಿದೆ. ಹೊತ್ತಿನ ಲೆಕ್ಕ ಮೊದಲು ನೋಡೋಣ. ಫೀಲ್ಡ್ ಸಾಲ್ವರ್ ತನ್ನ ಜಾಲರಿಯ ಕಣ್ಣನ್ನು ಅತಿ ಹೆಚ್ಚಿನ ಆವರ್ತನದ ತರಂಗದೂರಕ್ಕೆ ತಕ್ಕಂತೆ ಕಿರಿದಾಗಿಸುತ್ತದೆ. ಕಾಲದ ಹೆಜ್ಜೆಹೆಜ್ಜೆಗೂ ಕ್ಷೇತ್ರವನ್ನು ಲೆಕ್ಕ ಹಾಕುತ್ತ ಸಾಗುವ ಎಫ್‌ಡಿಟಿಡಿ ಬಗೆಯ ಸಾಲ್ವರಿನಲ್ಲಿ ಕಟ್‌ಆಫ್ ಎರಡು ಪಟ್ಟಾದರೆ ಮೂರು ದಿಕ್ಕಿನಲ್ಲೂ ಕಣ್ಣು ಅರ್ಧವಾಗಿ ಮೆಮೊರಿ ಎಂಟು ಪಟ್ಟಾಗುತ್ತದೆ. ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಲೆಕ್ಕದ ಹೊತ್ತು ಹದಿನಾರು ಪಟ್ಟು. ರಾತ್ರಿ ಹಾಕಿ ಬೆಳಿಗ್ಗೆ ಮುಗಿಯುತ್ತಿದ್ದ ಕೆಲಸ ಒಂದು ವಾರಕ್ಕೆ ಹೋಗುತ್ತದೆ.

ಹೊತ್ತಿಗಿಂತ ದೊಡ್ಡ ನಷ್ಟ ನಂಬಿಕೆಯದು. ಕನೆಕ್ಟರ್ ಕೊಟ್ಟವರ ಎಸ್-ಪ್ಯಾರಾಮೀಟರ್ ಕಡತ 20 ಗಿಗಾಹರ್ಟ್ಸಿಗೆ ಮುಗಿದಿದ್ದರೆ, ಅದರಾಚೆ ನಿಮ್ಮ ಸಿಮ್ಯುಲೇಶನ್ ತೋರಿಸುವುದು ಸಾಫ್ಟ್‌ವೇರಿನ ಕಲ್ಪನೆ. ಲ್ಯಾಮಿನೇಟಿನ ಡೇಟಾಶೀಟಿನಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ 1 ಅಥವಾ 10 ಗಿಗಾಹರ್ಟ್ಸಿನ ಒಂದೇ ಬಿಂದುವಿನಲ್ಲಿ ಇದ್ದರೆ, ಅದನ್ನು 50ರವರೆಗೆ ಒಂದೇ ಸಮ ಎಂದು ಎಳೆಯುವುದು ಭೌತಶಾಸ್ತ್ರಕ್ಕೇ ವಿರುದ್ಧ, ಏಕೆಂದರೆ ನಷ್ಟವಿರುವ ಯಾವ ವಸ್ತುವಿನಲ್ಲೂ ಅದು ಆವರ್ತನದೊಂದಿಗೆ ಬದಲಾಗಲೇಬೇಕು. ವೈಡ್‌ಬ್ಯಾಂಡ್ ಡಿಬೈ ಮಾದರಿ ಬಳಸುವುದು ಇದಕ್ಕಾಗಿಯೇ. ತಾಮ್ರದಲ್ಲಿ ವಿದ್ಯುತ್ ಹರಿಯುವ ಪದರದ ಆಳ 1 ಗಿಗಾಹರ್ಟ್ಸಿಗೆ ಸುಮಾರು 2.1 ಮೈಕ್ರೊಮೀಟರ್, 10ಕ್ಕೆ 0.66, ಹಾಳೆಯ ಒರಟುತನ ಅದಕ್ಕೆ ಸಮನಾದಾಗ ನಷ್ಟ ಏರುತ್ತದೆ, ನುಣುಪು ತಾಮ್ರ ಎಂದು ಊಹಿಸಿದ ಮಾದರಿ ಅದನ್ನು ಕಾಣುವುದಿಲ್ಲ. ಅಳತೆಯಿಂದ ಮಾದರಿ ತೆಗೆದಿದ್ದರೂ ಇದೇ ಪಾಡು: ಸಾಧಾರಣ ಎಸ್‌ಎಂಎ ಕನೆಕ್ಟರ್ 18 ಗಿಗಾಹರ್ಟ್ಸಿಗೆ ಮಾಡಿದ್ದು, 40ಕ್ಕೆ ಹೋಗಬೇಕಾದರೆ 2.92 ಮಿಲಿಮೀಟರಿನದು ಬೇಕು. ಮಾದರಿಗೆ ಆಧಾರವಿರುವ ಆವರ್ತನವೇ ಕಟ್‌ಆಫ್‌ನ ಗಟ್ಟಿ ಛಾವಣಿ. ಸೂತ್ರ ಅದಕ್ಕಿಂತ ಮೇಲೆ ಕೇಳಿದರೆ ಮೊದಲು ಮಾದರಿಯನ್ನು ಸುಧಾರಿಸಬೇಕು.

ಕಡಿಮೆಯಾದಾಗಿನ ಲಕ್ಷಣಗಳನ್ನೂ ಗುರುತಿಸಲು ಕಲಿಯಬೇಕು. ಶಕ್ತಿ ಇನ್ನೂ ಇರುವಾಗಲೇ ಎಸ್-ಪ್ಯಾರಾಮೀಟರನ್ನು ಕತ್ತರಿಸಿ ಕಾಲಕ್ಕೆ ಪರಿವರ್ತಿಸಿದರೆ ಅಂಚಿನ ಎರಡೂ ಬದಿ ಗಿಬ್ಸ್ ಅಲೆಗಳು ಏಳುತ್ತವೆ, ಮೆಟ್ಟಿಲಿನ ಎತ್ತರದ ಶೇಕಡಾ 9ರಷ್ಟು ಹಾರಾಟ ಕಾಣುತ್ತದೆ. ಅದನ್ನು ನಿಜವಾದ ಓವರ್‌ಶೂಟ್ ಎಂದು ತಿಳಿದು ರೆಸಿಸ್ಟರ್ ಬದಲಿಸಿದವರಿದ್ದಾರೆ. ಪತ್ತೆ ಸುಲಭ: ಟ್ರೇಸಿನ ವಿಳಂಬ 1 ನ್ಯಾನೊಸೆಕೆಂಡ್ ಇದ್ದೂ ಇನ್ನೊಂದು ತುದಿಯಲ್ಲಿ 0.8ಕ್ಕೇ ಅಲುಗಾಟ ಶುರುವಾಗಿದ್ದರೆ, ಸಿಗ್ನಲ್ ಬರಲು ಸಾಧ್ಯವಿರುವ ಹೊತ್ತಿಗೂ ಮುನ್ನವೇ ತಲುಪಿದಂತಾಯಿತು. ಅದು ಕತ್ತರಿಯ ಗುರುತು, ಬೋರ್ಡಿನದಲ್ಲ.

ಮೇಲಿನ ಮಿತಿಯಷ್ಟೇ ಗಮನ ಹೆಜ್ಜೆಯ ಅಗಲಕ್ಕೂ, ಅಂದರೆ ಒಂದು ಆವರ್ತನ ಬಿಂದುವಿನಿಂದ ಇನ್ನೊಂದಕ್ಕಿರುವ ಅಂತರಕ್ಕೂ, ಸಲ್ಲಬೇಕು, ಆದರೆ ಇದರಲ್ಲಿ ಆಯ್ಕೆಯ ಗೊಂದಲ ಕಡಿಮೆ. 10 ಮೆಗಾಹರ್ಟ್ಸ್ ಹೆಜ್ಜೆ ಇಟ್ಟರೆ ನಿಮಗೆ ಸಿಗುವ ಕಾಲದ ಕಿಟಕಿ 100 ನ್ಯಾನೊಸೆಕೆಂಡ್. ಎಲ್ಲ ಪ್ರತಿಫಲನಗಳೂ ಅದರೊಳಗೆ ತಣ್ಣಗಾಗುವಂತಿದ್ದರೆ ಸರಿ, ಹಾರ್ನೆಸ್ ಉದ್ದವಿದ್ದರೆ ಹೆಜ್ಜೆ ಕಿರಿದಾಗಬೇಕು. ಸೊನ್ನೆಯ ಬಿಂದುವನ್ನು, ಅಂದರೆ ಡಿಸಿಯನ್ನು, ಸಾಫ್ಟ್‌ವೇರಿನ ಊಹೆಗೆ ಬಿಡದೆ ರೆಸಿಸ್ಟೆನ್ಸ್ ಲೆಕ್ಕ ಹಾಕಿ ಕೊಡುವುದು ಉತ್ತಮ.

ಅಂಚೊಂದನ್ನು ಕಳಿಸಿ ಮರಳಿದ ಪ್ರತಿಫಲನವನ್ನು ನೋಡುವ ಟಿಡಿಆರ್ ಚಿತ್ರದಲ್ಲಿ ಇಂಪೀಡೆನ್ಸಿನ ಏರುಪೇರು ಹುಡುಕುವವರಿಗೆ ಬೇರೆಯೇ ಅಳತೆಗೋಲು ಬೇಕು. 10 ಗಿಗಾಹರ್ಟ್ಸ್ ಕಟ್‌ಆಫ್‌ಗೆ ಹೊಂದುವ ಅಂಚು 35 ಪಿಕೊಸೆಕೆಂಡ್. ಬೋರ್ಡಿನೊಳಗೆ ಸಿಗ್ನಲ್ ನ್ಯಾನೊಸೆಕೆಂಡಿಗೆ 150 ಮಿಲಿಮೀಟರ್ ಓಡುವಾಗ, ಹೋಗಿಬರುವ ಲೆಕ್ಕದಲ್ಲಿ ಸುಮಾರು 2.6 ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ದೋಷಗಳು ಒಂದೇ ಆಗಿ ಕಾಣುತ್ತವೆ. ಕನೆಕ್ಟರಿನ ಪಿನ್ನು ಮತ್ತು ಅದರ ಕೆಳಗಿನ ವಯಾವನ್ನು ಬೇರೆಬೇರೆಯಾಗಿ ನೋಡಬೇಕಿದ್ದವರು ಇದಕ್ಕೆ ತಕ್ಕಂತೆ ಮೇಲೇರಬೇಕು, ಲಿಂಕಿನ ವೇಗ ಎಷ್ಟೇ ಇರಲಿ.

ನನ್ನ ಮೇಜಿನ ರೂಢಿ ಹೀಗಿದೆ. ಪ್ರಶ್ನೆ ಯಾವುದು ಎಂದು ಮೊದಲು ಬರೆದುಕೊಂಡು, ಅಂಚಿನಿಂದಲೋ ನೈಕ್ವಿಸ್ಟಿನಿಂದಲೋ ಒಂದು ಆವರ್ತನ ತೆಗೆದು, ಸ್ಟಬ್ ಮತ್ತು ಅನುರಣನೆಗಳು ಅದರ ಹೊರಗೆ ಬಿದ್ದಿವೆಯೇ ಎಂದು ನೋಡಿ, ಮಾದರಿಗಳ ಛಾವಣಿಯೊಂದಿಗೆ ತಾಳೆ ಹಾಕುತ್ತೇನೆ. ಆಮೇಲೆ ಅದೇ ಸಿಮ್ಯುಲೇಶನ್ ಅನ್ನು ಒಂದೂವರೆ ಪಟ್ಟು ಕಟ್‌ಆಫ್‌ನಲ್ಲಿ ಇನ್ನೊಮ್ಮೆ ಓಡಿಸುತ್ತೇನೆ. ಐ ಚಿತ್ರದ (ಬಿಟ್ಟುಗಳ ಅಲೆಗಳನ್ನು ಒಂದರ ಮೇಲೊಂದಿಟ್ಟಾಗ ಕಣ್ಣಿನಂತೆ ಕಾಣುವ ಚಿತ್ರ) ಎತ್ತರವೋ ಓವರ್‌ಶೂಟೋ ಶೇಕಡಾ ಎರಡು ಮೂರಕ್ಕಿಂತ ಕಡಿಮೆ ಬದಲಾದರೆ ಮೊದಲಿನದೇ ಸಾಕು. ಹೆಚ್ಚು ಬದಲಾದರೆ ನನ್ನ ಊಹೆ ಎಲ್ಲೋ ತಪ್ಪಿದೆ ಎಂದು ಅರ್ಥ, ಮತ್ತು ಬಹುಪಾಲು ಅದು ರೈಸ್ ಟೈಮಿನಲ್ಲೇ ತಪ್ಪಿರುತ್ತದೆ.

ಭೋಸರಿಯ ಬೋರ್ಡಿಗೆ ಹೊಸ ಬಫರಿನ ಚುರುಕು ಕಂಬಸಾಲಿನಿಂದ 0.8 ನ್ಯಾನೊಸೆಕೆಂಡ್ ಸಿಕ್ಕಿತು, 0.5ರ ಲೆಕ್ಕದಲ್ಲಿ 625 ಮೆಗಾಹರ್ಟ್ಸ್. 1 ಗಿಗಾಹರ್ಟ್ಸ್‌ವರೆಗೆ ಓಡಿಸಲು ಚಹಾ ಕುಡಿದು ಬರುವಷ್ಟು ಹೊತ್ತೂ ಹಿಡಿಯಲಿಲ್ಲ. 235 ಮೆಗಾಹರ್ಟ್ಸಿನ ಕುಣಿತ ಸ್ಕೋಪಿನಲ್ಲಿ ಕಂಡಂತೆಯೇ ಪರದೆಯ ಮೇಲೂ ಬಂತು, ಡ್ರೈವರಿನ ಪಕ್ಕದಲ್ಲಿ 39 ಓಮಿನ ರೆಸಿಸ್ಟರ್ ಇಟ್ಟಾಗ ಎರಡೂ ಕಡೆ ಅಡಗಿತು. ಈಗ ಆ ಬೋರ್ಡಿನ ಸ್ಕೀಮ್ಯಾಟಿಕ್‌ನಲ್ಲಿ ಬಫರಿನ ಪಕ್ಕ ಒಂದು ಸಾಲಿದೆ: "ಕ್ಲಾಕ್ 8 ಮೆಗಾಹರ್ಟ್ಸ್, ಅಂಚು 0.8 ನ್ಯಾನೊಸೆಕೆಂಡ್, ಸಿಮ್ಯುಲೇಶನ್ 1 ಗಿಗಾಹರ್ಟ್ಸ್‌ವರೆಗೆ. ಬದಲಿ ಚಿಪ್ ಹಾಕುವ ಮುನ್ನ ಕೇಳಿ." ಖರೀದಿ ವಿಭಾಗದವರು ಕಳೆದ ವರ್ಷ ಎರಡು ಬಾರಿ ಫೋನು ಮಾಡಿ ಕೇಳಿದ್ದಾರೆ.